ಬಹುಇಂದ್ರಿಯ ಸಂಯೋಜನೆ

ಬೇರೆ ಬೇರೆ ಇಂದ್ರಿಯಗಳ ಸಂಕೇತಗಳನ್ನು ಮಿದುಳು ಬೆಸೆದು ಒಂದೇ ಅನುಭವವಾಗಿಸುವ ಕ್ರಿಯೆ. ನಂಜನಗೂಡು ತಾಲ್ಲೂಕಿನ ಹೆಸರಾಂತ ರಸಬಾಳೆ ಇದಕ್ಕೆ ಒಳ್ಳೆಯ ನಿದರ್ಶನ. ನಾಲಗೆ ಅರಿಯುವುದು ಮುಖ್ಯವಾಗಿ ಅದರ ಸಿಹಿ, ಹುಳಿಗಳನ್ನಷ್ಟೆ. ಪರಿಮಳ ಬಾಯಿಯ ಹಿಂಬದಿಯಿಂದ ಮೂಗಿಗೇರುತ್ತದೆ, ಮೃದುತ್ವವನ್ನು ಸ್ಪರ್ಶ ತಿಳಿಸುತ್ತದೆ. ಇವೆಲ್ಲ ಕಣ್ಣುಗುಳಿಗಳ ಮೇಲಿರುವ ಮಿದುಳಿನ ಹೊರಪದರದಲ್ಲಿ ಕೂಡಿ ರುಚಿಯಾಗುತ್ತವೆ. ನೆಗಡಿಯಲ್ಲಿ ಹಣ್ಣು ಸಪ್ಪೆಯೆನಿಸುವುದು ಮೂಗು ಕಟ್ಟಿದ್ದರಿಂದ. ದೂರು ಮಾತ್ರ ನಾಲಗೆಯ ಮೇಲೆ.

ನೋಟ, ಶಬ್ದಗಳು ಒಂದೇ ಕಡೆಯಿಂದ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದರೆ ನಡುಮಿದುಳಿನ ಕೆಲವು ನರಕೋಶಗಳು ಇನ್ನಷ್ಟು ತೀವ್ರವಾಗಿ ಸ್ಪಂದಿಸುತ್ತವೆ. ಸುಳಿವುಗಳು ತಾಳೆಯಾಗದಿದ್ದರೆ ಹೆಚ್ಚು ನಂಬಿಕೆಗೆ ಅರ್ಹವಾದುದಕ್ಕೆ ಸಾಮಾನ್ಯವಾಗಿ ಹೆಚ್ಚು ತೂಕ. 1976ರಲ್ಲಿ ಮೆಗರ್ಕ್ ಮತ್ತು ಮೆಕ್‌ಡೊನಾಲ್ಡ್ ತೋರಿಸಿದಂತೆ, ‘ಬಾ’ ಧ್ವನಿಗೆ ‘ಗಾ’ ಎನ್ನುವ ಬಾಯಿಯ ಚಿತ್ರ ಜೋಡಿಸಿದರೆ ಅನೇಕರಿಗೆ ‘ಡಾ’ ಕೇಳಿಸುತ್ತದೆ; ಕಣ್ಣು ಮುಚ್ಚಿದೊಡನೆ ಮತ್ತೆ ‘ಬಾ’.