ಕುದುರೆಯಿಲ್ಲದ ಕೋವಿ: ಉಡುಪಿಯ ಪೇಟ್ಲ ಮತ್ತು ಪೇಂಟ್‌ಬಾಲ್‌ನ ಗಾಳಿಯಂತ್ರ

ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನ ವಿಟ್ಲಪಿಂಡಿ. ರಥಬೀದಿಯ ಗುರ್ಜಿಗಳಲ್ಲಿ ತೂಗುವ ಮೊಸರು ಕುಡಿಕೆಗಳನ್ನು ಗೊಲ್ಲರು ಒಡೆಯುವುದು, ಕೃಷ್ಣನ ಮಣ್ಣಿನ ಮೂರ್ತಿ ಮಧ್ವ ಸರೋವರವನ್ನು ಸೇರುವುದು, ಹುಲಿವೇಷದ ಕುಣಿತ ಇವೆಲ್ಲ ಪತ್ರಿಕೆಗಳಲ್ಲೂ ಜಾನಪದ ಗ್ರಂಥಗಳಲ್ಲೂ ಧಾರಾಳವಾಗಿ ದಾಖಲಾಗಿವೆ. ಅದೇ ಹಬ್ಬದಲ್ಲಿ ಮಕ್ಕಳ ಕೈಯಲ್ಲಿ ಟಪ್ಪೆನ್ನುವ ಬಿದಿರಿನ ಪೇಟ್ಲವನ್ನು ಮಾತ್ರ ಆಟಿಕೆಯೆಂದು ಬದಿಗಿಡುವುದೇ ಹೆಚ್ಚು. ಅದನ್ನು ಯಂತ್ರವೆಂದು ಓದಬೇಕು ಎಂಬುದು ಈ ಲೇಖನದ ವಾದ. ಬಣ್ಣದ ಗುಂಡು ಹಾರಿಸುವ ಇಂದಿನ ಪೇಂಟ್‌ಬಾಲ್ ಮಾರ್ಕರ್‌ಗೆ ಗಾಳಿಯಿಂದ ನಡೆಯುವ ಟ್ರಿಗರ್ ಫ್ರೇಮ್ ಕಟ್ಟುವವರು ಎದುರಿಸುವ ಮುಖ್ಯ ಪ್ರಶ್ನೆಗಳೆಲ್ಲ ಈ ಓಟೆಯ ತುಂಡಿನಲ್ಲಿ ಆಗಲೇ ಇವೆ.

ಪೇಟ್ಲದ ರಚನೆ ಸರಳ. ಗಂಟಿಲ್ಲದ ಒಂದು ತೆಳು ಬಿದಿರಿನ ಕೊಳವೆ, ಅದರೊಳಗೆ ಸಲೀಸಾಗಿ ಓಡುವ ಒಂದು ಕೋಲು, ಕೋಲಿನ ಬುಡಕ್ಕೆ ಹಿಡಿ. ಗುಂಡಿನ ಬದಲು ಬಟಾಣಿ ಗಾತ್ರದ ಹಸಿ ಕಾಡುಕಾಯಿ. ಅದು ಸಿಗದಿದ್ದರೆ ನೆನೆಸಿ ಉಂಡೆ ಮಾಡಿದ ಕಾಗದ. ಮೊದಲ ಕಾಯಿಯನ್ನು ಕೋಲಿನಿಂದ ತಳ್ಳಿ ಕೊಳವೆಯ ಬಾಯಿಯವರೆಗೆ ಒಯ್ದು ಅಲ್ಲಿಯೇ ಬಿಡಬೇಕು. ಎರಡನೆಯದನ್ನು ಹಿಂದಿನಿಂದ ತುರುಕಿ ಜೋರಾಗಿ ನೂಕಬೇಕು. ಎರಡು ಕಾಯಿಗಳ ನಡುವೆ ಸಿಕ್ಕಿಬಿದ್ದ ಗಾಳಿ ಕುಗ್ಗುತ್ತ ಹೋಗಿ, ಮುಂದಿನ ಕಾಯಿಯ ಹಿಡಿತವನ್ನು ಮೀರಿದ ಕ್ಷಣ ಅದು ಸದ್ದಿನೊಂದಿಗೆ ಹಾರುತ್ತದೆ.

ಇಲ್ಲಿನ ಬಲವನ್ನು ಲೆಕ್ಕ ಹಾಕಬಹುದು. ಕೊಳವೆಯ ಒಳವ್ಯಾಸ 8 ಮಿಲಿಮೀಟರ್ ಎಂದೂ ನಡುವಿನ ಗಾಳಿಯ ಕಂಬ 16 ಸೆಂಟಿಮೀಟರಿನಿಂದ 4ಕ್ಕೆ ಇಳಿಯಿತೆಂದೂ ಇಟ್ಟುಕೊಳ್ಳೋಣ. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮದಂತೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹೊರಗಿನ ವಾತಾವರಣದ ಪಾಲನ್ನು ಕಳೆದರೂ ಮುಂದಿನ ಕಾಯಿಯ ಬೆನ್ನ ಮೇಲೆ ಸುಮಾರು ಒಂದೂವರೆ ಕಿಲೋ ಭಾರದಷ್ಟು ತಳ್ಳು ಬೀಳುತ್ತದೆ. ಮಗುವಿನ ಅಂಗೈಗೆ ಎಟುಕುವ ಬಲವದು. ಹಸಿ ಕಾಯಿಯ ಮೆತ್ತನೆಯ ಸಿಪ್ಪೆ ಕೊಳವೆಯ ಗೋಡೆಗೆ ಒತ್ತಿಕೊಂಡು ಗಾಳಿ ಸೋರದಂತೆ ತಡೆಯುತ್ತದೆ. ಮಾರ್ಕರ್‌ನ ಒಳಗೆ ರಬ್ಬರಿನ ಓ-ರಿಂಗ್ ಮಾಡುವ ಕೆಲಸವೂ ಇದೇ. ಕಾಯಿ ಒಣಗಿದರೆ ಪೇಟ್ಲ ಬರೀ ಉಸಿರು ಬಿಡುತ್ತದೆ.

ನನ್ನ ದೃಷ್ಟಿಯಲ್ಲಿ ಪೇಟ್ಲದ ನಿಜವಾದ ಜಾಣ್ಮೆ ಕೋಲಿನ ಉದ್ದದಲ್ಲಿದೆ. ಹಿಡಿಯನ್ನು ಬಿಟ್ಟು ಅಳೆದರೆ ಕೋಲು ಕೊಳವೆಗಿಂತ ಒಂದು ಕಾಯಿಯಷ್ಟು ಗಿಡ್ಡ. ಹಾಗಾಗಿ ಹಿಂದಿನ ಕಾಯಿ ಹೊರಗೆ ಬೀಳುವುದಿಲ್ಲ, ಸರಿಯಾಗಿ ಬಾಯಿಯಲ್ಲಿ ಬಂದು ನಿಲ್ಲುತ್ತದೆ, ಮುಂದಿನ ಹೊಡೆತಕ್ಕೆ ಅದೇ ಮುಂಗಾಯಿ. ಒಂದು ಹೊಡೆತ ಮುಗಿಯುವಾಗಲೇ ಇನ್ನೊಂದರ ಅರ್ಧ ಸಿದ್ಧತೆ ಆಗಿರುತ್ತದೆ. ಕೋಲು ಉದ್ದವಾದರೆ ಈ ಸರಪಳಿ ಕಡಿಯುತ್ತದೆ, ತೀರಾ ಗಿಡ್ಡವಾದರೆ ಗಾಳಿ ಸಾಕಷ್ಟು ಕುಗ್ಗುವುದಿಲ್ಲ. ಇನ್ನೂ ಒಂದು ಮಾತು. ಪೇಟ್ಲಕ್ಕೆ ಕುದುರೆ, ಅಂದರೆ ಟ್ರಿಗರ್, ಇಲ್ಲ. ಮುಂದಿನ ಕಾಯಿಯೇ ಗುಂಡೂ ಹೌದು, ಕವಾಟವೂ ಹೌದು. ಯಾವಾಗ ಹಾರಬೇಕೆಂದು ತೀರ್ಮಾನಿಸುವುದು ಬೆರಳಲ್ಲ, ಕಾಯಿಗೂ ಬಿದಿರಿಗೂ ನಡುವಿನ ಬಿಗಿ.

ಈ ಬಗೆಯ ಸಾಧನ ಕರಾವಳಿಯೊಂದರದ್ದೇ ಅಲ್ಲ. ಬಸ್ತರಿನ ಜಗದಲ್‌ಪುರದಲ್ಲಿ ಜಗನ್ನಾಥನ ರಥಯಾತ್ರೆಯ ಹೊತ್ತಿಗೆ ನಡೆಯುವ ಗೋಂಚಾ ಹಬ್ಬದಲ್ಲಿ ಇಂಥದೇ ಬಿದಿರಿನ ‘ತುಪ್ಕಿ’ಯಿಂದ ಜ್ಯೋತಿಷ್ಮತಿ ಬಳ್ಳಿಯ ಕಾಯಿಗಳನ್ನು ಹಾರಿಸುತ್ತಾರೆ. ಇಂಗ್ಲೆಂಡಿನ ಹುಡುಗರು ಎಲ್ಡರ್ ಮರದ ಟೊಂಗೆಯ ತಿರುಳು ತೆಗೆದು ಇದನ್ನೇ ಮಾಡುತ್ತಿದ್ದರು. ಶೇಕ್ಸ್‌ಪಿಯರನ ‘ಐದನೆಯ ಹೆನ್ರಿ’ ನಾಟಕದಲ್ಲಿ ಅದರ ಪ್ರಸ್ತಾಪವಿದೆ. ಟೊಳ್ಳಾದ ಸಸ್ಯ ಸಿಗುವ ಊರುಗಳಲ್ಲಿ ಈ ವಿದ್ಯೆ ತಾನಾಗಿ ಹುಟ್ಟಿರುವ ಸಾಧ್ಯತೆಯೇ ಹೆಚ್ಚು ಎನಿಸುತ್ತದೆ. ಕಾರ್ಕಳದ ಪೂರ್ವಕ್ಕೆ ಎದ್ದು ನಿಲ್ಲುವ ಘಟ್ಟದ ತಪ್ಪಲಿನಿಂದ ಕಾಪುವಿನ ಕಡಲತಡಿಯವರೆಗಿನ ನಾಡಿಗೆ ಬಿದಿರು ಎಂದೂ ಅಪರೂಪವಾಗಿರಲಿಲ್ಲ. ದೇವಸ್ಥಾನದಲ್ಲಿ ಸಿಡಿಸುವ ಕದಿನಕ್ಕೆ ಮದ್ದು ಬೇಕು, ಅದನ್ನು ತುಂಬುವ ಅನುಭವಸ್ಥ ಬೇಕು. ಪೇಟ್ಲಕ್ಕೆ ಎರಡೂ ಬೇಡ.

ಗಾಳಿಯನ್ನು ಮೊದಲೇ ತುಂಬಿಟ್ಟು ಬೇಕೆಂದಾಗ ಬಿಡುವ ಆಸೆ ಹುಟ್ಟಿದಾಗ ಕುದುರೆ ಅನಿವಾರ್ಯವಾಯಿತು. 1780ರ ಆಸುಪಾಸಿನಲ್ಲಿ ಆಸ್ಟ್ರಿಯದ ಸೈನ್ಯ ಬಳಕೆಗೆ ತಂದ ಜಿರಾರ್ಡೋನಿ ಗಾಳಿಕೋವಿ ಇದಕ್ಕೆ ಹೆಸರಾಂತ ನಿದರ್ಶನ. ಅದರ ಹಿಂಬದಿಯೇ ಗಾಳಿಯ ತೊಟ್ಟಿ. ಕುದುರೆ ಎಳೆದರೆ ಕವಾಟ ಕ್ಷಣಮಾತ್ರ ತೆರೆದು ಮುಚ್ಚುತ್ತಿತ್ತು.

ಪೇಂಟ್‌ಬಾಲ್ ಮಾರ್ಕರ್ ಈ ವಂಶದ ಈಚಿನ ಕುಡಿ. ಅಮೆರಿಕದ ನೆಲ್ಸನ್ ಪೇಂಟ್ ಕಂಪನಿ ಅರಣ್ಯದಲ್ಲಿ ಮರಗಳಿಗೂ ರ‍್ಯಾಂಚ್‌ಗಳಲ್ಲಿ ದನಗಳಿಗೂ ದೂರದಿಂದ ಬಣ್ಣದ ಗುರುತು ಹಾಕಲೆಂದು ಅದನ್ನು ಮಾರುಕಟ್ಟೆಗೆ ತಂದಿತು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್‌ನಲ್ಲಿ 12 ಮಂದಿ ಅದನ್ನು ಹಿಡಿದು ಕಾಡಿನೊಳಗೆ ಆಡಿದ್ದೇ ಮೊದಲ ಪಂದ್ಯ. ಗೆದ್ದವರು ಒಬ್ಬ ಅರಣ್ಯ ವೃತ್ತಿಯವರು, ಅದೂ ಒಂದು ಗುಂಡನ್ನೂ ಹಾರಿಸದೆ.

ಆಟ ಚುರುಕಾದಂತೆ ಕುದುರೆಯ ಬಿಗಿ ಅಡ್ಡಿಯಾಯಿತು. ಯಾಂತ್ರಿಕ ಮಾರ್ಕರ್‌ನಲ್ಲಿ ಗಾಳಿಯ ಒತ್ತಡ ಹೊತ್ತು ನಿಂತ ಕೊಂಡಿಯನ್ನು ಬೆರಳೇ ಕಳಚಬೇಕು. ಏರ್‌ಗನ್ ಡಿಸೈನ್ಸ್ ಸಂಸ್ಥೆಯ ಆಟೋಮ್ಯಾಗ್ ಮಾರ್ಕರ್‌ಗೆ ಹವ್ಯಾಸಿಗಳು ಕಂಡುಕೊಂಡ ಪರಿಹಾರ ‘ನ್ಯೂಮ್ಯಾಗ್’. ಅದರಲ್ಲಿ ಹಿಡಿಯ ಚೌಕಟ್ಟಿನೊಳಗೆ ಮೂರು ದಾರಿಯ ಪುಟ್ಟ ಕವಾಟವೊಂದನ್ನೂ ಬೆರಳ ತುದಿಯ ಗಾತ್ರದ ಸಿಲಿಂಡರನ್ನೂ ಕೂರಿಸುತ್ತಾರೆ. ಟ್ರಿಗರ್ ಒತ್ತುವುದು ಕವಾಟದ ಮೊಳೆಯನ್ನಷ್ಟೆ. ರೆಗ್ಯುಲೇಟರಿನಿಂದ ಇಳಿಸಿದ ಕಡಿಮೆ ಒತ್ತಡದ ಗಾಳಿ ಸಿಲಿಂಡರಿಗೆ ನುಗ್ಗಿ, ಅದರ ದಂಡ ಕೊಂಡಿಯನ್ನು ತಳ್ಳುತ್ತದೆ. ಬೆರಳು ಬಿಟ್ಟೊಡನೆ ಕವಾಟ ಒಳಗಿನ ಗಾಳಿಯನ್ನು ಹೊರಬಿಡುತ್ತದೆ, ಸ್ಪ್ರಿಂಗು ದಂಡವನ್ನು ಹಿಂದಕ್ಕೆಳೆಯುತ್ತದೆ.

ಕಟ್ಟುವವರ ಕಷ್ಟವೆಲ್ಲ ಅಳತೆಯದು. ಕವಾಟ ಅರ್ಧ ಮಿಲಿಮೀಟರ್ ಮುಂದೆ ಕೂತರೆ ಟ್ರಿಗರ್ ಬಿಟ್ಟರೂ ಗಾಳಿ ಹರಿಯುತ್ತಲೇ ಇರಬಹುದು. ಹಿಂದೆ ಕೂತರೆ ಎಷ್ಟು ಒತ್ತಿದರೂ ಪೂರ್ತಿ ತೆರೆಯದು. ದಂಡದ ಓಟ ಸಾಲದಿದ್ದರೆ ಕೊಂಡಿ ಬಿಡದು. ದಂಡ ಪೂರ್ತಿ ಹಿಂದೆ ಬಾರದಿದ್ದರೆ ಕೊಂಡಿ ಮತ್ತೆ ಕೂರದು, ಮುಂದಿನ ಹೊಡೆತ ಕೆಡುತ್ತದೆ. ಪೇಟ್ಲದ ಕೋಲನ್ನು ಕಾಯಿಯ ಅಳತೆಗೆ ಕತ್ತರಿಸುವವರಿಗೆ ಈ ಕೊನೆಯ ತೊಂದರೆ ಹೊಸದಲ್ಲ. ಎರಡರಲ್ಲೂ ದಂಡದ ಓಟವೇ ಮುಂದಿನ ಹೊಡೆತದ ಭವಿಷ್ಯ.

ಕಾನೂನಿನ ಮಾತನ್ನೂ ಹೇಳಬೇಕು. ಭಾರತದ ಶಸ್ತ್ರಾಸ್ತ್ರ ನಿಯಮಗಳು, 2016 ಗಾಳಿಕೋವಿಗಳಿಗೆ 20 ಜೂಲ್ ಶಕ್ತಿ ಮತ್ತು 4.5 ಮಿಲಿಮೀಟರ್ ಒಳವ್ಯಾಸದ ಮಿತಿಗಳನ್ನು ಹೆಸರಿಸುತ್ತವೆ. ಮೂರು ಗ್ರಾಂ ತೂಗುವ ಬಣ್ಣದ ಗುಂಡು ಸೆಕೆಂಡಿಗೆ 90 ಮೀಟರ್ ವೇಗದಲ್ಲಿ ಹೋದರೆ ಶಕ್ತಿ ಸುಮಾರು 12 ಜೂಲ್, ಆದರೆ ಮಾರ್ಕರ್‌ನ ಸಾಮಾನ್ಯ ಒಳವ್ಯಾಸ 17 ಮಿಲಿಮೀಟರ್ ದಾಟುತ್ತದೆ. ಆದ್ದರಿಂದ ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಇಂಥ ಚೌಕಟ್ಟನ್ನು ಅಭ್ಯಾಸಕ್ಕೆಂದು ಮಾಡಹೊರಟರೆ ಮೊದಲು ನಿಯಮವನ್ನು ಓದಬೇಕು. ಕವಾಟ, ಸಿಲಿಂಡರ್, ಕೊಂಡಿ ಇವಿಷ್ಟನ್ನೇ ಮೇಜಿನ ಮೇಲೆ ಜೋಡಿಸಿ ಕಲಿಯಲು ಕೊಳವೆಯ ಅಗತ್ಯವೇ ಇಲ್ಲ.

ಬಿದಿರು ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ, ಹಬ್ಬ ಮುಗಿದ ಮೇಲೆ ಪೇಟ್ಲ ಒಲೆ ಸೇರುತ್ತದೆ. ಆದಕಾರಣ ಸಂಗ್ರಹಿಸುವವರು ವಸ್ತುವನ್ನಷ್ಟೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಸಾಲದು. ಕೊಳವೆಯ ಒಳವ್ಯಾಸ, ಕೋಲಿನ ಉದ್ದ, ಎರಡರ ನಡುವಿನ ವ್ಯತ್ಯಾಸ, ಯಾವ ಕಾಯಿ, ಎಷ್ಟು ಹಸಿ ಎಂಬುದನ್ನು ಮಾಡಿದವರ ಬಾಯಿಂದಲೇ ಕೇಳಿ ಅಳೆದು ಬರೆದಿಡಬೇಕು.