ಹಾರುವ ಮುನ್ನ ನೆಲದ ಮೇಲೆ

ಹೊಸ ವಿಮಾನವೊಂದು ಆಕಾಶಕ್ಕೇರುವ ಮೊದಲು ಅದನ್ನು ನೆಲದ ಮೇಲೆಯೇ ನೂರಾರು ಸಲ ‘ಹಾರಿಸಿ’ ನೋಡುತ್ತಾರೆ. ಇದಕ್ಕೆ ಸಿಮ್ಯುಲೇಶನ್ ಎಂದು ಹೆಸರು. ಹಿಂದೆ ಉರ್ದು ಕಲಿಯುವ ಮಕ್ಕಳು ತಖ್ತಿಯ ಮೇಲೆ ಬರೆದು, ತೊಳೆದು, ಮತ್ತೆ ಬರೆದು ಮಶ್ಕ್ ಮಾಡುತ್ತಿದ್ದರಲ್ಲ, ಇದೂ ಹಾಗೆಯೇ. ತಪ್ಪಿದರೆ ನಷ್ಟವಿಲ್ಲ.

ನಮ್ಮ ರಾಜ್ಯದಲ್ಲಿ ಇದರ ದೊಡ್ಡ ಕಥೆ ತೇಜಸ್ ಯುದ್ಧವಿಮಾನದ್ದು. ಚುರುಕಾಗಿ ತಿರುಗಲೆಂದು ಅದನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಲಾಗಿತ್ತು. ಕಂಪ್ಯೂಟರ್ ಕ್ಷಣಕ್ಷಣವೂ ತಿದ್ದದಿದ್ದರೆ ಅದು ಗಾಳಿಯಲ್ಲಿ ನಿಲ್ಲದು. ಈ ನಿಯಂತ್ರಣ ವ್ಯವಸ್ಥೆಗಾಗಿ ನಮ್ಮ ಎಂಜಿನಿಯರರು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದರು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣುಪರೀಕ್ಷೆ ನಡೆಯಿತು, ಅಮೆರಿಕ ನಿರ್ಬಂಧ ಹೇರಿತು, ಅವರು ಬರಿಗೈಯಲ್ಲಿ ಮರಳಬೇಕಾಯಿತು. ಉಳಿದ ಕೆಲಸ ಬೆಂಗಳೂರಿನಲ್ಲೇ ಸಾಗಿತು. ಎ.ಡಿ.ಇ. ಸಂಸ್ಥೆಯ ಸಿಮ್ಯುಲೇಟರಿನಲ್ಲಿ ಪೈಲಟ್‌ಗಳು ಕುಳಿತು ಅಭ್ಯಾಸ ಮಾಡಿದರು. (ಅಬ್ದುಲ್ ಕಲಾಂ ಅವರು ತರುಣರಾಗಿದ್ದಾಗ ‘ನಂದಿ’ ಹೋವರ್‌ಕ್ರಾಫ್ಟ್ ನಿರ್ಮಿಸಿದ್ದು ಇದೇ ಸಂಸ್ಥೆಯಲ್ಲಿ.) ‘ಐರನ್ ಬರ್ಡ್’ ಎಂಬ ಕಬ್ಬಿಣದ ಚೌಕಟ್ಟಿಗೆ ವಿಮಾನದ ನಿಜವಾದ ಹೈಡ್ರಾಲಿಕ್ ಭಾಗಗಳನ್ನು ಜೋಡಿಸಿ ಪರೀಕ್ಷಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅದನ್ನು ಮೊದಲ ಬಾರಿ ಹಾರಿಸಿದರು.

ಅಂಥ ಸಲಕರಣೆ ಆಗ ಸಾಮಾನ್ಯರ ಕೈಗೆ ಸುಲಭವಾಗಿ ಎಟುಕುವಂಥದ್ದಾಗಿರಲಿಲ್ಲ. 2002ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ‘ಗೆಜೀಬೊ’ ಎಂಬ ರೋಬೋಟ್ ಸಿಮ್ಯುಲೇಟರ್ ಹುಟ್ಟಿತು. 2017ರಲ್ಲಿ ಡ್ರೋನುಗಳಿಗಾಗಿ ಮೈಕ್ರೋಸಾಫ್ಟ್‌ನ ‘ಏರ್‌ಸಿಮ್’, ಚಾಲಕರಹಿತ ಕಾರುಗಳಿಗಾಗಿ ‘ಕಾರ್ಲಾ’ ಬಂದವು. ಇವೆಲ್ಲ ಓಪನ್ ಸೋರ್ಸ್, ಅಂದರೆ ಮೂಲ ಬರಹವನ್ನೇ ಯಾರೂ ಓದಬಹುದು, ತಿದ್ದಬಹುದು. 2022ರಲ್ಲಿ ಮೈಕ್ರೋಸಾಫ್ಟ್ ಏರ್‌ಸಿಮ್ ಕೆಲಸ ನಿಲ್ಲಿಸುವುದಾಗಿ ಪ್ರಕಟಿಸಿತು. ಆದರೆ ಬೇರೆಯವರು ಅದೇ ಬರಹವನ್ನು ಹಿಡಿದು ಮುಂದುವರಿಸಿದರು. 1998ರಲ್ಲಿ ನಮ್ಮವರ ಕೈತಪ್ಪಿದಂತೆ ಇದು ಕೈತಪ್ಪಲಿಲ್ಲ.

ಪುತ್ತೂರಿಗೂ ಇದರಲ್ಲಿ ಕೆಲಸವಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಅಡಿಕೆ ಮರ ಹತ್ತುವವರು ಸಿಗುವುದು ಕಷ್ಟವಾಗಿದೆ. ಮರದಿಂದ ಬಿದ್ದವರ ಮನೆಗಳು ನಮ್ಮ ಊರೂರಲ್ಲೂ ಇವೆ. ತೋಟಗಳಲ್ಲಿ ಡ್ರೋನ್ ಸಿಂಪಡಣೆ ಪ್ರಯತ್ನಗಳು ನಡೆದಿವೆ. ಲಕ್ಷಗಟ್ಟಲೆ ಬೆಲೆಯ ಡ್ರೋನನ್ನು ಮರಕ್ಕೆ ಬಡಿಸಿ ಕಲಿಯುವ ಶಕ್ತಿ ಯಾರಿಗಿದೆ? ಪರದೆಯ ಮೇಲಾದರೆ ನೂರು ಸಲ ಬೀಳಿಸಬಹುದು. ಆದರೆ ಸಿಮ್ಯುಲೇಟರಿನ ಜೊತೆ ಬರುವ ಸಿದ್ಧ ದೃಶ್ಯಗಳಲ್ಲಿ ಪರದೇಶದ ಅಗಲ ರಸ್ತೆಗಳಿವೆ, ಅಡಿಕೆ ತೋಟವಿಲ್ಲ. ಒಂಬತ್ತು ಅಡಿಗೊಂದು ಮರ, ಗುಡ್ಡದ ಇಳಿಜಾರು, ಆಟಿಯ ಗಾಳಿಗೆ ಓಲಾಡುವ ಸೋಗೆ, ನಡುವೆ ಹಾದುಹೋಗುವ ಕರೆಂಟಿನ ತಂತಿ: ಇವನ್ನು ಅಳೆದು ಕಂಪ್ಯೂಟರಿಗೆ ಊಡಿಸಬೇಕು. ತೋಟದ ಮನೆಯಿಂದ ಕಾಲೇಜಿಗೆ ಬರುವ ನಮ್ಮ ಹುಡುಗ ಹುಡುಗಿಯರಿಗೆ ಈ ಅಳತೆಗಳು ಹೊಸತಲ್ಲ.