ಬರಹದ ಪಾವಿತ್ರ್ಯ: ಯೆಹೂದ್ಯರ ಧಾರ್ಮಿಕ ವಸ್ತುಗಳೂ ಕಡೂರು ಸೀಮೆಯ ಶಾಸನಗಳೂ

ಯೆಹೂದ್ಯ ಧರ್ಮದ ಸಂಕೇತ ಯಾವುದೆಂದು ಕೇಳಿದರೆ ಹೆಚ್ಚಿನವರು ಆರು ಮೂಲೆಯ ದಾವೀದನ ನಕ್ಷತ್ರವನ್ನು ಹೆಸರಿಸುತ್ತಾರೆ. ವಿಧಿವಿಧಾನಗಳಲ್ಲಿ ಈ ನಕ್ಷತ್ರಕ್ಕೆ ಯಾವ ಕೆಲಸವೂ ಇಲ್ಲ. ಮಧ್ಯಯುಗದ ಕೊನೆಗೆ ಪ್ರಾಗ್ ನಗರದ ಯೆಹೂದಿಗಳ ಗುರುತಾಗಿದ್ದ ಅದು ಇಡೀ ಜನಾಂಗದ ಲಾಂಛನವೆನಿಸಿದ್ದು 1897ರ ಬಾಸೆಲ್ ಜಿಯೋನಿಸ್ಟ್ ಸಮ್ಮೇಳನದ ಆಸುಪಾಸಿನಲ್ಲಿ. ಏಳು ಕವಲಿನ ದೀಪಸ್ತಂಭ ಮೆನೋರಾ ಇದಕ್ಕಿಂತ ಬಹಳ ಹಳೆಯದು. ಜೆರುಸಲೇಮಿನ ದೇವಾಲಯದಿಂದ ಅದನ್ನು ಸೂರೆಗೊಂಡ ದೃಶ್ಯ ರೋಮ್‌ನ ಟೈಟಸ್ ಕಮಾನಿನಲ್ಲಿದೆ. ಕ್ರಿ.ಶ. 70ರಲ್ಲಿ ಆ ದೇವಾಲಯ ನಾಶವಾದ ಮೇಲೆ ಯೆಹೂದ್ಯರ ಆರಾಧನೆಯ ನಡುವೆ ನಿಂತದ್ದು ಬರಹ. ಬರಹಕ್ಕೆ ಸಂದ ಈ ಪಾವಿತ್ರ್ಯವೇ 12ನೇ ಶತಮಾನದ ಕರ್ನಾಟಕದ ಒಂದು ಅಪರೂಪದ ದಾಖಲೆಯನ್ನೂ ಉಳಿಸಿಕೊಟ್ಟಿತೆಂಬುದು ಈ ಲೇಖನದ ಪ್ರತಿಪಾದನೆ.

ಅಕ್ಷರವೇ ಆಧಾರ

ಯೆಹೂದ್ಯರ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ವಿಗ್ರಹವಿಲ್ಲ. ಜೆರುಸಲೇಮಿನ ದಿಕ್ಕಿಗೆ ನಿಲ್ಲಿಸಿದ ಪೆಟ್ಟಿಗೆಯಲ್ಲಿ ಮೂಲ ಧರ್ಮಗ್ರಂಥ ತೋರಾದ ಸುರುಳಿ ಇರುತ್ತದೆ. ವಿಧಿ ಒಪ್ಪಿದ ಪ್ರಾಣಿಯ ಚರ್ಮದ ಮೇಲೆ ಲಿಪಿಕಾರನು 3,04,805 ಅಕ್ಷರಗಳನ್ನು ಕೈಯಾರೆ ಬರೆಯುತ್ತಾನೆ. ಒಂದಕ್ಷರ ತಪ್ಪಿದರೂ ತಿದ್ದುವವರೆಗೆ ಸುರುಳಿ ಪಾರಾಯಣಕ್ಕೆ ಸಲ್ಲದು. ಓದುವವನು ಬರಿಗೈಯಿಂದ ಚರ್ಮವನ್ನು ಮುಟ್ಟದೆ ಬೆಳ್ಳಿಯ ಕಡ್ಡಿಯಿಂದ ಸಾಲು ತೋರಿಸಿಕೊಳ್ಳುತ್ತಾನೆ. ಬಾಗಿಲ ಬಲನಿಲುವಿಗೆ ಹೊಡೆಯುವ ಮೆಜೂಜಾ, ಪ್ರಾರ್ಥನೆಯ ಹೊತ್ತಿಗೆ ತೋಳಿಗೂ ಹಣೆಗೂ ಕಟ್ಟಿಕೊಳ್ಳುವ ತೆಫಿಲಿನ್ ಇವುಗಳ ಒಳಗಿರುವುದೂ ತೋರಾದ ಆಯ್ದ ಭಾಗಗಳೇ. ಹೊರಗಿನ ಕರಡಿಗೆ ಎಷ್ಟೇ ಚೆಲುವಾಗಿರಲಿ, ಒಳಗಿನ ಬರಹ ಕೆಟ್ಟಿದ್ದರೆ ವಿಧಿ ಪೂರೈಸದು.

ಸವೆದ ವಸ್ತುವಿನ ಗತಿ

ಒಂದು ವಸ್ತು ಎಷ್ಟು ಪವಿತ್ರವೆಂಬುದು ಅದು ಸವೆದು ಹೋದಾಗ ಅದನ್ನು ನಡೆಸಿಕೊಳ್ಳುವ ಬಗೆಯಲ್ಲಿ ಸ್ಪಷ್ಟವಾಗುತ್ತದೆ. ಯೆಹೂದ್ಯ ಧರ್ಮಶಾಸ್ತ್ರದ ಗ್ರಂಥ ತಾಲ್ಮುಡ್‌ನ ಮೆಗಿಲ್ಲಾ ಭಾಗ ಇಲ್ಲಿ ಎರಡು ದರ್ಜೆಗಳನ್ನು ಮಾಡುತ್ತದೆ. ಕೊಂಬಿನ ಕಹಳೆ, ಹಬ್ಬದ ಚಪ್ಪರ, ಶಾಲಿನ ಅಂಚಿನ ಗೊಂಡೆ ಇವು ಆಜ್ಞೆಯನ್ನು ಪಾಲಿಸುವ ಸಾಧನಗಳು. ಕೆಲಸ ತೀರಿದ ಮೇಲೆ ಬಿಸುಡಬಹುದು. ತೋರಾದ ಹೊದಿಕೆ, ತೆಫಿಲಿನ್ನಿನ ಚೀಲ ಮತ್ತು ಪಟ್ಟಿ ಪವಿತ್ರ ಬರಹಕ್ಕೆ ಒತ್ತಿಕೊಂಡಿದ್ದವು. ಅವನ್ನು ಬಚ್ಚಿಟ್ಟು ಕಾಪಾಡಬೇಕು. ಸವೆದ ತೋರಾವನ್ನು ಮಣ್ಣಿನ ಪಾತ್ರೆಯಲ್ಲಿಟ್ಟು ವಿದ್ವಾಂಸನ ಸಮಾಧಿಯ ಪಕ್ಕದಲ್ಲಿ ಹೂಳಬೇಕೆಂದೂ ಅಲ್ಲಿ ಹೇಳಿದೆ. ತರೀಕೆರೆ, ಅಜ್ಜಂಪುರದ ಓದುಗರಿಗೆ ಈ ಭಾವ ಹೊಸದಲ್ಲ: ವೀರಶೈವರಲ್ಲಿ ಇಷ್ಟಲಿಂಗವನ್ನು ಧರಿಸಿದವರೊಂದಿಗೇ ಸಮಾಧಿ ಮಾಡುತ್ತಾರೆ.

ಮಂಗಳೂರಿನ ಕಾಗದಗಳು

ಬಳಕೆ ತಪ್ಪಿದ ಬರಹಗಳನ್ನು ಇರಿಸುವ ಜಾಗಕ್ಕೆ ಗೆನಿಜಾ ಎನ್ನುತ್ತಾರೆ. ಹಳೆಯ ಕೈರೋದ ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗಿನ ಗೆನಿಜಾದಲ್ಲಿ ಧರ್ಮಗ್ರಂಥಗಳ ಜೊತೆಗೆ ಲೆಕ್ಕ, ಕರಾರು, ಓಲೆಗಳೂ ಶತಮಾನಗಳ ಕಾಲ ತುಂಬಿಕೊಂಡವು. ದೇವರ ಹೆಸರಿರಬಹುದೆಂಬ ಭಯಭಕ್ತಿ ಹೀಬ್ರೂ ಲಿಪಿಯ ಎಲ್ಲ ಬರಹಕ್ಕೂ ಹಬ್ಬಿದ್ದೇ ಕಾರಣ. ವಿದ್ವಾಂಸ ಸೊಲೊಮನ್ ಶೆಕ್ಟರ್ 1896–97ರಲ್ಲಿ ಇವುಗಳ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು.

ಆ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಕಾಗದಗಳಿದ್ದವು. ಇಂದಿನ ಟುನೀಸಿಯಾದ ಮಹದಿಯಾದವನಾದ ಈತ ಸುಮಾರು 1132ರಿಂದ 1149ರವರೆಗೆ ಭಾರತದಲ್ಲಿದ್ದ. ಮಂಗಳೂರಿನಲ್ಲಿ 1132ರ ಅಕ್ಟೋಬರ್ 17ರಂದು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಏಡನ್ನಿನ ವರ್ತಕರಿಗೆ ಇಲ್ಲಿಂದ ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಹೋಗುತ್ತಿದ್ದವು. ಅಲ್ಲಿಂದ ತಾಮ್ರ, ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿದ್ದವು. ಅವನ ಕಂಚಿನ ಕಾರ್ಖಾನೆಯ ಪಾತ್ರೆಗಳ ವಿವರವೂ, ಏಡನ್ನಿಗೆ ಹೋಗಿ ವ್ಯವಹಾರ ಮುಗಿಸುತ್ತಿದ್ದ ಸೇವಕನ ಉಲ್ಲೇಖವೂ ಸಿಗುತ್ತವೆ. ಎಸ್. ಡಿ. ಗೊಯಿಟೈನ್ ಈ ಪತ್ರಗಳನ್ನು ಸಂಶೋಧಿಸಿದರು. ಆ ಸೇವಕನ ಹೆಸರು ಬೊಮ್ಮ ಎಂದು ವಾದಿಸಿ ಲೇಖಕ ಅಮಿತಾವ್ ಘೋಷ್ 1992ರಲ್ಲಿ ಅವನ ಬಾಳನ್ನು ನಿರೂಪಿಸಿದರು.

ಕಲ್ಲು ಮತ್ತು ಕಾಗದ

ಬೆನ್ ಯಿಜು ಮಂಗಳೂರಿನಲ್ಲಿದ್ದಾಗ ಘಟ್ಟದ ಮೇಲೆ ಹೊಯ್ಸಳ ದೊರೆ ವಿಷ್ಣುವರ್ಧನನ ಆಳ್ವಿಕೆ. ಕಡೂರು ಸೀಮೆಯ ಬರಹ ಕಲ್ಲಿನಲ್ಲಿದೆ, ಬಿ. ಎಲ್. ರೈಸ್ 1901ರಲ್ಲಿ ಅದನ್ನು ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ ಪ್ರಕಟಿಸಿದರು. ಕಡೂರಿನ 971ರ ಶಾಸನ ಗಂಗರ ಮನೆತನದ ಪಾಂಬಬ್ಬೆ ಕೇಶ ಕಿತ್ತು ಮೂವತ್ತು ವರ್ಷ ತಪಸ್ಸು ಮಾಡಿ ಮುಡಿಪಿದ್ದನ್ನು ಹೇಳುತ್ತದೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯದ ಶಾಸನವನ್ನು ರಚಿಸಿದವನು ಕವಿ ಜನ್ನ. ಅಜ್ಜಂಪುರದ ಬಳಿಯ ಆಸಂದಿಯಂಥ ನಾಡುಗಳ ಹೆಸರೂ ಈ ಶಾಸನಗಳಿಂದಲೇ ತಿಳಿದುಬಂದದ್ದು.

ಶಾಸನ ಉಳಿಯಲಿ ಎಂದು ನಮ್ಮವರು ಕೊನೆಗೆ ಶಾಪಾಶಯದ ಸಾಲು ಬರೆಸಿದರು. ಯೆಹೂದ್ಯರು ಬರಹವನ್ನು ಬಚ್ಚಿಟ್ಟರು. ಎರಡರ ಹಿಂದೆಯೂ ಅಕ್ಷರವನ್ನು ಅಳಿಸಲು ಅಂಜುವ ಮನಸ್ಸಿದೆ. ಆದರೆ ಕಲ್ಲಿಗೆ ಏರಿದ್ದು ದಾನ, ಯುದ್ಧ, ವ್ರತ, ಮರಣ. ದಿನದ ಲೆಕ್ಕ ಕಡತಕ್ಕೆ ಹೋಯಿತು. ಹುಣಿಸೆಬೀಜದ ಅಂಟೂ ಇದ್ದಿಲ ಪುಡಿಯೂ ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಹಳೆಯ ಓಲೆಗರಿಯ ಕಟ್ಟುಗಳನ್ನು ಗೌರವದಿಂದಲೇ ಹೊಳೆಗೆ ಬಿಟ್ಟವರೂ ಇದ್ದಾರೆ. ಹೀಗಾಗಿ ದಂಡನಾಯಕನ ಹೆಸರು ಕಲ್ಲಿನಲ್ಲಿ ನಿಂತಿದೆ. ಅದೇ ಶತಮಾನದ ಅಡಕೆಯ ಚೀಟಿಗೆ ಫುಸ್ತಾತ್‌ನ ಕೋಣೆಯನ್ನು ಹುಡುಕಬೇಕು.

ಸಮಾರೋಪ

ಯೆಹೂದ್ಯರ ಧಾರ್ಮಿಕ ವಸ್ತುಗಳ ಅರ್ಥವನ್ನು ಅವುಗಳ ಆಕಾರದಲ್ಲಿ ಹುಡುಕುವುದಕ್ಕಿಂತ ಬರಹದೊಡನೆ ಅವುಗಳಿಗಿರುವ ಸಂಬಂಧದಲ್ಲಿ ಹುಡುಕುವುದು ಸರಿಯಾದ ದಾರಿ. ಆ ಸಂಬಂಧದ ಬಲದಿಂದ ಒಬ್ಬ ದಾಸಿಯ, ಒಬ್ಬ ಸೇವಕನ ಹೆಸರು ನಮ್ಮ ಚರಿತ್ರೆಗೆ ದಕ್ಕಿದೆ. ಕಡೂರು, ತರೀಕೆರೆ, ಅಜ್ಜಂಪುರದ ಮನೆ, ಮಠ, ಮಂಡಿಗಳ ಅಟ್ಟದಲ್ಲಿರುವ ಕಡತ, ಲೆಕ್ಕದ ಪುಸ್ತಕ, ಹಳೆಯ ಕಾಗದಗಳಿಗೂ ಅದೇ ಮರ್ಯಾದೆ ಸಲ್ಲಬೇಕು. ಬಿಸುಡುವ ಮೊದಲು ಓದಿಸುವುದು, ನಕಲು ತೆಗೆಸುವುದು ಈ ಪ್ರದೇಶದ ಇತಿಹಾಸಕ್ಕೆ ಈಗ ಎಲ್ಲಕ್ಕಿಂತ ತುರ್ತಾಗಿ ಆಗಬೇಕಾದ ಕೆಲಸ.